ಪಲ್ಲವಿಗೆ ಹಾಕಿದ ಹಾಜರಿ

ಹೊಸ ಚಾರ್ಟ್ ಹಾಳೆಯೂ ಅದರ ಮೇಲೆ ಆಗತಾನೆ ಓಡಿಸಿದ ಸ್ಕೆಚ್ ಪೆನ್ನೂ ಸೇರಿ ಒಂದು ವಾಸನೆ ಹುಟ್ಟುತ್ತದೆ. ಬಿ.ಎಡ್. ಮಾಡಿದವರ ಮೂಗಿಗೆ ಅದು ಜೀವನಪೂರ್ತಿ ಅಂಟಿಕೊಂಡಿರುತ್ತದೆ. ಕಳೆದ ಶುಕ್ರವಾರ ಬೆಳಿಗ್ಗೆ, ಗಂಡಸಿ ಹತ್ತಿರದ ನಮ್ಮ ಪ್ರೌಢಶಾಲೆಯ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಆ ವಾಸನೆ ಬಂತು. ಅಭ್ಯಾಸ ಬೋಧನೆಗೆ ಬಂದಿರುವ ರಕ್ಷಿತಾ ಎಂಬ ಹುಡುಗಿ ಮೇಜಿನ ತುಂಬ ಚಾರ್ಟು ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಡಸ್ಟರ್ ಇಟ್ಟು, ಎಲೆಯ ಚಿತ್ರಕ್ಕೆ ಹಸಿರು ತುಂಬುತ್ತಿದ್ದಳು. ಅಭ್ಯಾಸ ಬೋಧನೆ ಎಂದರೆ ನಿಮಗೆ ಗೊತ್ತಿರಬಹುದು. ಟೀಚರ್ ಆಗಲು ಓದುತ್ತಿರುವವರು ಕೆಲವು ತಿಂಗಳು ನಿಜವಾದ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮೇಲೆ ಕೈ ಪಳಗಿಸಿಕೊಳ್ಳುವುದು. ಕ್ಷೌರ ಕಲಿಯುವವನಿಗೂ ಯಾರದಾದರೂ ತಲೆ ಬೇಕಲ್ಲ, ಹಾಗೆ.

"ಮಿಸ್, ನಿಮ್ಮ ಫೈನಲ್ ಪಾಠ ಹೇಗಾಗಿತ್ತು?" ಎಂದು ತಲೆ ಎತ್ತದೆಯೇ ಕೇಳಿದಳು.

"ಚೆನ್ನಾಗೇ ಆಯ್ತು," ಅಂದೆ.

ಇದು ಸುಳ್ಳಲ್ಲ. ಅಂಕಪಟ್ಟಿ ಇದೆ, ನಮ್ಮ ತಂಡದಲ್ಲಿ ನನ್ನದೇ ಹೆಚ್ಚು. ಆದರೆ ಉತ್ತರ ಅಷ್ಟು ನುಣ್ಣಗೆ, ಎಲ್ಲೂ ತಡವರಿಸದೆ ಬಾಯಿಂದ ಜಾರಿದ್ದು ನನಗೇ ಹಿಡಿಸಲಿಲ್ಲ. ಶಿಕ್ಷಕಿಯಾಗುವ ಮೊದಲು ಎರಡು ವರ್ಷ ನಾನು ಅರಸೀಕೆರೆಯ ಒಂದು ಸಣ್ಣ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ದೊಡ್ಡ ಸುದ್ದಿಗಳೇನಲ್ಲ: ರೈಲು ತಡ, ನಲ್ಲಿಯಲ್ಲಿ ನೀರಿಲ್ಲ, ಇಂಥ ಬೀದಿಯಲ್ಲಿ ದೀಪ ಉರಿಯುತ್ತಿಲ್ಲ. ನಮ್ಮ ಸಂಪಾದಕರು ಕಲಿಸಿದ್ದು ಮೂರೇ ಮಾತು. ನೋಡಿದ್ದನ್ನು ಬರಿ, ನೋಡದ್ದನ್ನು ಬರೀಬೇಡ, ನೋಡಿದ್ದರಲ್ಲಿ ಯಾವುದನ್ನೂ ಬಿಡಬೇಡ. ಬೀದಿದೀಪದ ವಿಷಯದಲ್ಲಿ ಈ ಮೂರನ್ನೂ ನಾನು ನಿಷ್ಠೆಯಿಂದ ಪಾಲಿಸಿದ್ದೇನೆ. ನನ್ನ ವಿಷಯದಲ್ಲಿ ಮೂರನೆಯದನ್ನು ಮೂರು ವರ್ಷದಿಂದ ಬಿಟ್ಟುಕೊಂಡು ಬಂದಿದ್ದೇನೆ.

ಬಿಟ್ಟದ್ದು ಇಷ್ಟು.

ನನಗೆ ಅಭ್ಯಾಸ ಬೋಧನೆಗೆ ಸಿಕ್ಕಿದ್ದು ಹಳೇಬೀಡಿನ ಪಕ್ಕದ ಒಂದು ಪ್ರೌಢಶಾಲೆ. ಅರಸೀಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ ಬಾಣಾವರ ದಾಟುವಷ್ಟರಲ್ಲಿ ಸೀಟು ಸಿಗುತ್ತಿತ್ತು. ಸೀಟು ಸಿಕ್ಕ ಕೂಡಲೇ ತೊಡೆಯ ಮೇಲೆ ರೆಕಾರ್ಡ್ ಪುಸ್ತಕ ಬಿಡಿಸಿ ಆ ದಿನದ ಪಾಠ ಯೋಜನೆ ತಿದ್ದುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ನನ್ನ ಅಕ್ಷರ ಎಷ್ಟು ಕೆಟ್ಟಿತೆಂದರೆ, ಹೃದಯದ ಚಿತ್ರಕ್ಕೆ ಭಾಗಗಳನ್ನು ಗುರುತಿಸಿದ್ದನ್ನು ನೋಡಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು, ಇದ್ಯಾವ ಊರಿನ ನಕ್ಷೆ ಎಂದು ವಿಚಾರಿಸಿದ್ದರು.

ಪಾಠ ಯೋಜನೆ ಎಂಬ ಬರಹವನ್ನು ನೀವು ಒಮ್ಮೆಯಾದರೂ ಓದಬೇಕು. ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದು, ಒಂದು ಕಡೆ ಶಿಕ್ಷಕರು ಕೇಳುವ ಪ್ರಶ್ನೆ, ಇನ್ನೊಂದು ಕಡೆ ಮಕ್ಕಳು ಕೊಡುವ ಉತ್ತರ ಬರೆಯಬೇಕು. ಎರಡನ್ನೂ ಬರೆಯುವವರು ನಾವೇ, ಅದೂ ಮುಂಚಿತವಾಗಿ. ನಡೆಯದ ಸಭೆಯ ವರದಿ ಬರೆದರೆ ಪತ್ರಿಕೆಯಲ್ಲಿ ಕೆಲಸ ಹೋಗುತ್ತದೆ; ಇಲ್ಲಿ ಅಂಕ ಸಿಗುತ್ತದೆ. ಪಾಠ ಶುರುವಾಗುವುದು ನಾಲ್ಕೈದು ಪೀಠಿಕೆ ಪ್ರಶ್ನೆಗಳಿಂದ. ಮೊದಲಿನವಕ್ಕೆ ಮಕ್ಕಳು ಸರಿಯಾಗಿ ಉತ್ತರಿಸಬೇಕು. ಕೊನೆಯದಕ್ಕೆ ಮಾತ್ರ ಉತ್ತರಿಸಬಾರದು. ಅದರ ಎದುರಿನ ಅಂಕಣದಲ್ಲಿ 'ವಿದ್ಯಾರ್ಥಿಗಳು ಮೌನವಾಗಿರುವರು' ಎಂದು ಬರೆದಿರುತ್ತದೆ. ಹಾಗೆ ಅವರು ಮೌನವಾದಾಗ ನಾವು ಮುಗುಳ್ನಕ್ಕು, "ಹಾಗಾದರೆ ಮಕ್ಕಳೇ, ಈ ದಿನ ಅದನ್ನೇ ತಿಳಿಯೋಣ" ಎಂದು ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಕು. ಆ ಮೌನ ಬಾರದಿದ್ದರೆ ಪಾಠ ಹುಟ್ಟುವುದೇ ಇಲ್ಲ.

ಮೌನವನ್ನು ಅದೃಷ್ಟಕ್ಕೆ ಬಿಡುವಷ್ಟು ಧೈರ್ಯ ನಮಗಿರಲಿಲ್ಲ. ಆದ್ದರಿಂದ ಕಾಲೇಜಿನಿಂದ ಮೇಲ್ವಿಚಾರಕರು ಬರುವ ಹಿಂದಿನ ದಿನವೇ ಅದೇ ತರಗತಿಗೆ ಅದೇ ಪಾಠ ಒಮ್ಮೆ ಮಾಡಿ ಮುಗಿಸಿಬಿಡುತ್ತಿದ್ದೆವು. ಯಾವುದಕ್ಕೆ ಕೈ ಎತ್ತಬೇಕು, ಯಾವುದಕ್ಕೆ ಗೊತ್ತಿಲ್ಲದವರಂತೆ ಕೂರಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಇದನ್ನು ನಮಗೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಹಿಂದಿನ ಬ್ಯಾಚಿನವರು ನಮಗೆ ಹೇಳಿದರು, ಅವರಿಗೆ ಅವರ ಹಿಂದಿನವರು. ಮಕ್ಕಳಿಗೂ ಇದು ಒಂದು ಆಟ. ಪ್ರತಿ ವರ್ಷ ಹೊಸ ಹೊಸ ಟ್ರೈನಿಂಗ್ ಮಿಸ್‌ಗಳನ್ನು ಕಂಡ ಮಕ್ಕಳು ಅವು. ಗೊತ್ತಿಲ್ಲದಂತೆ ನಟಿಸುವುದರಲ್ಲಿ ನಮಗಿಂತ ಪಳಗಿದ್ದವು.

ಎಂಟನೇ ತರಗತಿಯ ಪಲ್ಲವಿಯೊಬ್ಬಳಿಗೆ ಅದು ಬರುತ್ತಿರಲಿಲ್ಲ.

ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ, ಎರಡು ಜಡೆಯ, ಸಣ್ಣ ಮೈಯ ಹುಡುಗಿ. ಒಂದನೇ ತರಗತಿಯಿಂದ ಶಾಲೆ ತೆರೆದಿದ್ದ ಯಾವ ದಿನವೂ ತಪ್ಪಿಸಿದವಳಲ್ಲ. ಒಮ್ಮೆ ಜ್ವರ ಬಂದಾಗ ಸ್ವೆಟರ್ ಹಾಕಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಮಲಗಿದ್ದಳಂತೆ. ಅವಳ ತಾಯಿ ಜಯಮ್ಮ ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗರಿಗೆ ಸೌತೆಕಾಯಿ, ಸೀಬೆಹಣ್ಣು ಮಾರುತ್ತಿದ್ದರು. ಮಗಳ ಈ ಹಾಜರಿಯ ವಿಷಯವನ್ನು, ಸೌತೆಕಾಯಿ ಸೀಳಿ ಉಪ್ಪುಖಾರ ಸವರುವ ಹೊತ್ತಿನಲ್ಲಿ, ಗುರುತು ಪರಿಚಯವಿಲ್ಲದ ಗಿರಾಕಿಗಳಿಗೂ ಹೇಳುತ್ತಿದ್ದರು ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೇಲ್ವಿಚಾರಕರು ನನ್ನ ಪಾಠ ನೋಡಲು ಬಂದ ಮೊದಲ ದಿನ, ಕೊನೆಯ ಪೀಠಿಕೆ ಪ್ರಶ್ನೆ ಕೇಳಿದೆ. ನಾವು ತಿಂದ ಆಹಾರದಿಂದ ಶಕ್ತಿ ಬಿಡುಗಡೆಯಾಗುವ ಕ್ರಿಯೆಗೆ ಏನೆನ್ನುತ್ತಾರೆ? ತರಗತಿ ಅಚ್ಚುಕಟ್ಟಾಗಿ ಮೌನವಾಯಿತು. ಆಗ ಕಿಟಕಿಯ ಪಕ್ಕದಲ್ಲಿ ಒಂದು ಕೈ ಎದ್ದಿತು. ನಾನು ಬೇರೆ ಕಡೆ ನೋಡಿದೆ. ಕೈ ಇಳಿಯಲಿಲ್ಲ, ಕೈಯ ಹಿಂದೆ ಹುಡುಗಿಯೂ ಎದ್ದಳು.

"ಉಸಿರಾಟ ಮಿಸ್. ನಿನ್ನೇನೇ ಹೇಳಿದ್ರಲ್ಲ."

ಹಿಂದಿನ ಬೆಂಚಿನಿಂದ ಯಾರೋ, "ಏಯ್ ಕೂತ್ಕೊಳೇ, ಅದು ಗೊತ್ತಿಲ್ದೇ ಇರೋ ಪ್ರಶ್ನೆ ಕಣೇ," ಎಂದು ಪಿಸುಗುಟ್ಟಿದ್ದು ಮೇಲ್ವಿಚಾರಕರಿಗೂ ಕೇಳಿಸಿತು. ಅವರು ನಗಲಿಲ್ಲ. ಕೆಂಪು ಪೆನ್ನು ತೆಗೆದು ನನ್ನ ರೆಕಾರ್ಡಿನಲ್ಲಿ 'ಪೀಠಿಕೆ ಸಹಜವಾಗಿಲ್ಲ' ಎಂದು ಬರೆದರು. ಅದು ನಿಜವಾಗಿತ್ತು. ಆ ಪುಸ್ತಕದಲ್ಲಿ ಇದ್ದ ನಿಜ ಬಹುಶಃ ಅದೊಂದೇ.

ಹೀಗಾಗಿ ಫೈನಲ್ ಪಾಠದ ಹಿಂದಿನ ದಿನ ನನ್ನ ಮನಸ್ಸಿನಲ್ಲಿದ್ದದ್ದು ಬೆಳಕಿನ ಪ್ರತಿಫಲನವಲ್ಲ, ಪಲ್ಲವಿ. ಹೊರಗಿನ ಪರೀಕ್ಷಕರು ಬರುವವರಿದ್ದರು. ಕನ್ನಡಿಯಲ್ಲಿ ನಮ್ಮ ಎಡಗೈ ಬಲಗೈಯಾಗಿ ಏಕೆ ಕಾಣುತ್ತದೆ ಎಂಬುದು ಮಕ್ಕಳಿಗೆ ಗೊತ್ತಿರಬಾರದ ಪ್ರಶ್ನೆ. ಪೂರ್ವಾಭ್ಯಾಸ ಮುಗಿಸಿ, ಕೊನೆಯ ಬೆಲ್ಲಿನ ನಂತರ ಅವಳನ್ನು ನೀರಿನ ಟ್ಯಾಂಕಿನ ಹತ್ತಿರ ಕರೆದೆ. ನಾಳೆ ಕೊನೆಯ ಪ್ರಶ್ನೆಗೆ ಕೈ ಎತ್ತಬಾರದು ಅಂದೆ.

"ಗೊತ್ತಿದ್ರೂ ಎತ್ಬಾರ್ದಾ ಮಿಸ್?"

"ಎತ್ತಬಾರದು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಉದ್ಧಟತನವಲ್ಲ, ತನ್ನಿಂದ ಆಗುತ್ತದೋ ಇಲ್ಲವೋ ಎಂದು ನಿಜವಾಗಿ ಲೆಕ್ಕ ಹಾಕುತ್ತಿದ್ದಳು. "ಗೊತ್ತಿದ್ರೆ ಕೈ ತಾನಾಗೇ ಮೇಲಕ್ಕೆ ಹೋಗ್ಬಿಡ್ತದೆ ಮಿಸ್. ನಂಗೆ ಸುಮ್ನಿರಕ್ಕೆ ಬರಲ್ಲ."

ಒಳ್ಳೆಯ ಶಿಕ್ಷಕಿಯಾದರೆ ಅಲ್ಲಿಗೆ ಪ್ರಶ್ನೆಯನ್ನು ಬದಲಿಸುತ್ತಿದ್ದಳು. ನಾನು ಹುಡುಗಿಯನ್ನು ತೆಗೆದೆ. ನಾಳೆ ಒಂದು ದಿನ ನೀನು ಶಾಲೆಗೆ ಬರಬೇಡ ಅಂದೆ. ಅವಳು ಮೊದಲು ಕೇಳಿದ್ದು ಹಾಜರಿಯನ್ನು. ಹಾಜರಿ ನಾನೇ ಹಾಕುತ್ತೇನೆ, ನಿನ್ನ ದಾಖಲೆಗೆ ಏನೂ ಆಗುವುದಿಲ್ಲ ಅಂದೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದೆ: "ಯಾರಿಗೂ ಹೇಳ್ಬೇಡ. ಮನೇಲೂ."

"ಸರಿ ಮಿಸ್," ಅಂದಳು.

ಮನೆಯಲ್ಲಿ ಹೇಳಬಾರದು ಅಂದಮೇಲೆ ಮನೆಯಲ್ಲಿ ಇರುವುದು ಹೇಗೆ ಎಂಬ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿರಬೇಕು.

ಫೈನಲ್ ಪಾಠ ಬರೆದಂತೆಯೇ ನಡೆಯಿತು. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಪಲ್ಲವಿಯ ಹೆಸರಿನ ಮುಂದೆ ಗುರುತು ಹಾಕಿದೆ. ತರಗತಿ ಶಿಕ್ಷಕರು ಆ ಕೆಲಸವನ್ನು ತಿಂಗಳಿಂದ ನನಗೇ ಬಿಟ್ಟಿದ್ದರು. ಎರಡನೇ ಸಾಲಿನ ಖಾಲಿ ಜಾಗಕ್ಕೆ ಪಕ್ಕದ ಹುಡುಗಿಯನ್ನು ಸರಿಸಿ ಕೂರಿಸಿದೆ. ಕೊನೆಯ ಪ್ರಶ್ನೆ ಕೇಳಿದೆ. ಮೌನ ಬಂತು. ಅಷ್ಟು ಒಳ್ಳೆಯ ಮೌನವನ್ನು ನಾನು ಮತ್ತೆ ಯಾವ ತರಗತಿಯಲ್ಲೂ ಕೇಳಿಲ್ಲ. ಪರೀಕ್ಷಕರು ತಲೆದೂಗಿದರು. ಹೋಗುವಾಗ, ನೀವು ಹುಟ್ಟಾ ಶಿಕ್ಷಕಿ ಎಂದರು. ಆ ಸಂಜೆ ಬಸ್ಸಿನಲ್ಲಿ ಬಾಣಾವರದವರೆಗೆ ನಿಂತೇ ಬಂದೆ, ಕಾಲು ನೋಯಲಿಲ್ಲ.

ಮೂರನೆಯ ದಿನ ಹೆಡ್ ಮಾಸ್ಟರ ಕೋಣೆಗೆ ಹೋದೆ. ನನ್ನ ರೆಕಾರ್ಡಿಗೆ ಅವರ ಕೊನೆಯ ಸಹಿ ಆಗಬೇಕಿತ್ತು. ಅದಾದರೆ ನನ್ನ ತರಬೇತಿ ಮುಗಿದಂತೆ. ಅವರು ಪೆನ್ನಿನ ಕ್ಯಾಪ್ ತೆಗೆದಿದ್ದರು. ಆಗ ಜಯಮ್ಮ ಬಂದರು. ಮಗಳ ತೋಳು ಅವರ ಮುಷ್ಟಿಯಲ್ಲಿತ್ತು.

ಅವರು ನಿಂತುಕೊಂಡೇ ಹೇಳಿದ್ದರ ಸಾರಾಂಶ ಇದು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿ ಕಾಯುವವರು ಅವರ ಬೀದಿಯವರೇ. ಮೊನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಪಲ್ಲವಿ ಯೂನಿಫಾರಂ ಹಾಕಿಕೊಂಡು, ಬ್ಯಾಗು ಇಟ್ಟುಕೊಂಡು ಬಸದಿಯ ಒಳಗೆ ಒಬ್ಬಳೇ ಕೂತಿದ್ದಳು ಎಂದು ಅವರು ಹೇಳಿದ್ದಾರೆ. ಕೇಳಿದರೆ ಮಗಳು ಬಾಯಿ ಬಿಡುತ್ತಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಹೋಗುವ ಜಾಗದಲ್ಲಿ ವಯಸ್ಸಿಗೆ ಬರುತ್ತಿರುವ ಹುಡುಗಿ ದಿನವಿಡೀ ಯಾರಿಗಾಗಿ ಕಾದಳು? ಬೀದಿಯಲ್ಲಿ ಆಗಲೇ ಇಬ್ಬರು ಹುಡುಗರ ಹೆಸರು ಓಡಾಡುತ್ತಿವೆ.

ಹೆಡ್ ಮಾಸ್ಟರು ಹಾಜರಿ ಪುಸ್ತಕ ತರಿಸಿದರು. ಅವಳು ಅಂದು ಹಾಜರಿದ್ದಾಳಲ್ಲಮ್ಮ ಎಂದು ತೋರಿಸಿದರು.

"ಪುಸ್ತಕದಲ್ಲಿ ಹಾಜ್ರಿ ಐತೆ, ಹುಡ್ಗಿ ಬಸ್ತಿ ಒಳಗೆ ಕುಂತವ್ಳೆ," ಅಂದರು ಜಯಮ್ಮ. "ಹೆಂಗೆ ಸಾ?"

ಹೆಡ್ ಮಾಸ್ಟರು ನನ್ನ ಕಡೆ ತಿರುಗಿದರು. "ಅವತ್ತು ನೀವೇ ಅಲ್ವೇನಮ್ಮ ಹಾಜರಿ ಹಾಕಿದ್ದು? ಇದ್ಲಾ?"

ಇಲ್ಲಿ ನನಗೆ ನೆನಪಿರುವುದನ್ನು ಇದ್ದಂತೆ ಬರೆಯುತ್ತೇನೆ. ನನ್ನ ರೆಕಾರ್ಡ್ ಪುಸ್ತಕ ಅವರ ಎಡಗೈ ಕೆಳಗಿತ್ತು. ಸಹಿಯ ಜಾಗ ಖಾಲಿಯಿತ್ತು. ಪಲ್ಲವಿ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ನನಗೆ ಯೋಚಿಸಲು ಸಮಯವಿತ್ತು. ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಹೇಳಿಕೊಳ್ಳುವಂತಿಲ್ಲ.

"ಹಾಜರಿ ಕರೆದಾಗ ಇದ್ಲು ಸಾರ್. ಆಮೇಲೆ ನಾನು ಗಮನಿಸಲಿಲ್ಲ."

ಈ ಮಾತಿನಿಂದ ಏನಾಯಿತೆಂದರೆ, ಶಾಲೆಗೇ ಬಾರದ ಹುಡುಗಿ ಶಾಲೆಗೆ ಬಂದು, ಹಾಜರಿ ಹಾಕಿಸಿಕೊಂಡು, ಕಣ್ಣುತಪ್ಪಿಸಿ ಓಡಿದವಳಾದಳು. ಒಂದು ದಿನದ ರಜೆ ಈಗ ಸಂಚಾಯಿತು. ಜಯಮ್ಮನ ಮುಖದಲ್ಲಿ ಅಲ್ಲಿಯವರೆಗೆ ಸಿಟ್ಟು ಇತ್ತು. ಆಮೇಲೆ ಬೇರೆ ಏನೋ ಬಂತು. ಯಾರನ್ನು ನೋಡಲು ಹೋಗಿದ್ದೆ ಎಂದು ಮಗಳನ್ನು ಮೆಲ್ಲಗೆ ಕೇಳಿದರು.

"ಕಂಬ ನೋಡ್ತಿದ್ದೆ," ಅಂದಳು ಪಲ್ಲವಿ.

ಕೆನ್ನೆಗೆ ಏಟು ಬಿತ್ತು. ಹೆಡ್ ಮಾಸ್ಟರು, ಇಲ್ಲೆಲ್ಲ ಬೇಡಮ್ಮ ಎಂದು ಎದ್ದರು.

ಬಸ್ತಿಹಳ್ಳಿಯ ಬಸದಿ ನೋಡಿದವರಿಗೆ ಆ ಕಂಬಗಳು ಗೊತ್ತು. ಮುಖ ಕಾಣುವಷ್ಟು ನುಣುಪು. ಎಡಗೈ ಎತ್ತಿ ನಿಂತರೆ ಎದುರಿಗೆ ಇನ್ನೊಬ್ಬರು ಬಲಗೈ ಎತ್ತುತ್ತಾರೆ. ಅದನ್ನು ಕೇಳಿಸಿಕೊಂಡ ಮೂವರಲ್ಲಿ ಅವಳ ಉತ್ತರ ಅರ್ಥವಾದದ್ದು ನನಗೊಬ್ಬಳಿಗೇ. ಪಾಠಕ್ಕೆ ಬರಬೇಡ ಎಂದು ನಾನು ದೂರವಿಟ್ಟವಳು ಅಲ್ಲಿ ಕೂತು ಪಾಠವನ್ನೇ ಮಾಡಿಕೊಂಡಿದ್ದಳು. ಸುಮ್ಮನಿರಲು ಬರುವುದಿಲ್ಲ ಅಂದಿದ್ದ ಹುಡುಗಿ, ಒಂದು ಮಾತಾಡಿದ್ದರೆ ಪಾರಾಗುವ ಹೊತ್ತಿನಲ್ಲಿ ಸುಮ್ಮನೆ ನಿಂತಿದ್ದಳು. ಅವರು ಹೋದ ಮೇಲೆ ಹೆಡ್ ಮಾಸ್ಟರು, ಈಗಿನ ಕಾಲ ಹೀಗಮ್ಮ ಎಂದು ನಿಟ್ಟುಸಿರುಬಿಟ್ಟು ಸಹಿ ಹಾಕಿದರು. ನಾನು ಥ್ಯಾಂಕ್ಸ್ ಹೇಳಿದೆ.

ಆ ವರ್ಷದ ಕೊನೆಗೆ ಜಯಮ್ಮ ಟಿ.ಸಿ. ಪಡೆದು ಮಗಳನ್ನು ಬೇಲೂರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಕಳಿಸಿದರು ಎಂದು ತರಗತಿ ಶಿಕ್ಷಕರಿಂದ ತಿಳಿಯಿತು. ಬೇಲೂರೇನು ದೂರವಲ್ಲ, ಬಸ್ಸಿನಲ್ಲಿ ಅರ್ಧ ಗಂಟೆ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಆ ಅಂಕಗಳೂ ಸೇರಿಯೇ ನನಗೆ ಕೆಲಸವಾಯಿತು. ಕಳೆದ ವರ್ಷ ಈ ಶಾಲೆಗೆ ಬಂದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಎಂಟನೇ ತರಗತಿಯ ಹಾಜರಿ ಪುಸ್ತಕ. ಹೊಸಬರಿಗೆ ಸುಲಭದ ಕೆಲಸ ಇರಲಿ ಎಂದು. ಅಂದಿನಿಂದ ಇಂದಿನವರೆಗೆ ಹೆಸರು ಕರೆದು, ಎದ್ದು ನಿಂತ ಮಗುವಿನ ಮುಖ ನೋಡಿದ ಮೇಲೆಯೇ ಗುರುತು ಹಾಕುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ. ಮಕ್ಕಳು ನನಗೆ 'ಕ್ಯಾಮರಾ ಮಿಸ್' ಎಂದು ಹೆಸರಿಟ್ಟಿದ್ದಾರೆ. ಸಹೋದ್ಯೋಗಿಗಳು ಇದನ್ನು ಶಿಸ್ತು ಎನ್ನುತ್ತಾರೆ. ಒಮ್ಮೆ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇವರನ್ನು ನೋಡಿ ಕಲಿಯಬೇಕು ಎಂದರು. ಚಪ್ಪಾಳೆಯೂ ಆಯಿತು. ಕಳ್ಳನೊಬ್ಬ ತನ್ನ ಮನೆಗೆ ಎರಡು ಬೀಗ ಹಾಕಿಕೊಳ್ಳುವುದನ್ನು ಜಾಗರೂಕತೆ ಎಂದು ಹೊಗಳಿದಂತೆ ನನಗೆ ಕೇಳಿಸಿತು.

ಇಷ್ಟೂ ರಕ್ಷಿತಾಳಿಗೆ ಹೇಳಿದ 'ಚೆನ್ನಾಗೇ ಆಯ್ತು' ಎಂಬುದರ ಒಳಗಿತ್ತು. ಭಾನುವಾರ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತಿದೆ.

ಜಯಮ್ಮ ಅದೇ ಜಾಗದಲ್ಲಿದ್ದರು, ದೇವಸ್ಥಾನದ ಗೇಟಿನ ಎದುರು, ಬುಟ್ಟಿಯ ಹಿಂದೆ. ಭಾನುವಾರದ ಜನ. ನಾನು ದೂರದಲ್ಲಿ ನಿಂತು ಗಿರಾಕಿ ಕಡಿಮೆಯಾಗುವುದನ್ನು ಕಾದೆ; ನಿಜ ಹೇಳಬೇಕೆಂದರೆ ಕಡಿಮೆಯಾಗದಿರಲಿ ಎಂದೂ ಕಾದೆ. ಅವರೇ ನೋಡಿ ಗುರುತು ಹಿಡಿದರು. ಟ್ರೈನಿಂಗ್ ಮಿಸ್ ಅಲ್ವಾ ಎಂದು ನಕ್ಕರು. ಪಕ್ಕದ ಕಲ್ಲಿನ ಮೇಲೆ ಗೋಣಿ ಹಾಸಿ ಕೂರಿಸಿ, ಎಳೆಯ ಸೌತೆಕಾಯಿ ಆರಿಸಿ, ಸೀಳಿ ಕೈಗೆ ಕೊಟ್ಟರು. ಎಲ್ಲಿ ಕೆಲಸ, ಮದುವೆ ಆಯಿತಾ, ಅಮ್ಮ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿದರು. ಪಲ್ಲವಿ ಈಗ ಬೇಲೂರಿನಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ ಎಂದರು. ಆ ಹೆಸರು ಅವರ ಬಾಯಿಂದಲೇ ಬಂದ ಮೇಲೆ ತಡಮಾಡಲು ನನಗೆ ನೆಪ ಉಳಿಯಲಿಲ್ಲ.

ಐದು ವಾಕ್ಯದಲ್ಲಿ ಹೇಳಿದೆ. ಸುದ್ದಿಯ ಮೊದಲ ಪ್ಯಾರಾದಂತೆ: ಯಾರು, ಏನು, ಯಾವಾಗ, ಎಲ್ಲಿ. ಏಕೆ ಎಂಬುದನ್ನು ಹೇಳಲು ಮಾತ್ರ ಕಷ್ಟವಾಯಿತು. ಹೇಳಿದಾಗ ಅದು ಎಷ್ಟು ಚಿಕ್ಕದು ಎಂದು ಕೇಳಿಸಿತು.

ಜಯಮ್ಮ ಚಾಕುವನ್ನು ಬುಟ್ಟಿಯ ಅಂಚಿಗೆ ಒರಗಿಸಿಟ್ಟರು.

"ಒಂದು ಕೈ ಎತ್ತದು ನಿಲ್ಸಕ್ಕಾ ಮಿಸ್?"

ಹೌದು ಅಂದೆ.

ಅವರು ಆಗ ತಾನೇ ಬಂದ ಗಿರಾಕಿಯೊಬ್ಬರನ್ನು ಆಮೇಲೆ ಬನ್ನಿ ಎಂದು ಕಳಿಸಿದರು. ಕೊನೆಗೆ ನನ್ನ ಕಡೆ ನೋಡದೆ ಹೇಳಿದರು: "ಪುಸ್ತಕದಲ್ಲಿ ಐತಲ್ಲ ಅಂತ ಪುಸ್ತಕ ನಂಬ್ದೆ ನಾನು. ಮಗಳನ್ನ ನಂಬ್ಲಿಲ್ಲ."

ನಾನು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ.

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಬೈಲ್ ತೆಗೆದರು. ಮಗಳಿಗೆ ಫೋನ್ ಮಾಡಿ, ನಾನೂ ಕೇಳಲೆಂದೋ ಏನೋ, ಸ್ಪೀಕರ್ ಹಾಕಿದರು. ನಾನು ಪಕ್ಕದಲ್ಲಿರುವುದನ್ನು ಹೇಳಲಿಲ್ಲ. ಊಟದ ಮಾತು ಆಯಿತು. ಆಮೇಲೆ, ಅವತ್ತು ಬಸ್ತಿಗೆ ಯಾಕೆ ಹೋಗಿದ್ದೆ ಎಂದು ಕೇಳಿದರು.

"ಮತ್ತೆ ಅದೇನಾ ಅವ್ವ?" ದನಿ ದೊಡ್ಡದಾಗಿತ್ತು, ಆದರೂ ಅವಳದೇ. "ಸುಮ್ನೆ ಹೋಗಿದ್ದೆ. ಬಿಡು."

ಜಯಮ್ಮ ಫೋನನ್ನು ನನ್ನ ಮುಂದೆ ಹಿಡಿದರು. "ಇನ್ನೂ ಹೇಳ್ತಿಲ್ಲ ನೋಡಿ. ನೀವೇ ಹೇಳಿ."

ನಾನು ತೆಗೆದುಕೊಂಡೆ. ಪಲ್ಲವಿ, ನಾನು ಕಣೇ, ಟ್ರೈನಿಂಗ್ ಮಿಸ್ ಅಂದೆ. ಆ ಕಡೆ ಒಂದು ಬಸ್ಸಿನ ಹಾರ್ನ್ ಕೇಳಿಸಿತು.

"ಮಿಸ್," ಅಂದಳು, ಅವಸರದಲ್ಲಿ, "ನಾನು ಯಾರಿಗೂ ಹೇಳಿಲ್ಲ ಮಿಸ್."

ಮೂರು ವರ್ಷದ ನಂತರ ನನ್ನ ದನಿ ಕೇಳಿ ಅವಳಿಗೆ ಮೊದಲು ಅನ್ನಿಸಿದ್ದು, ನಾನು ಅದನ್ನು ವಿಚಾರಿಸಲು ಫೋನ್ ಮಾಡಿದ್ದೇನೆ ಎಂದು. ಗೊತ್ತು, ನೀನು ಹೇಳಲಿಲ್ಲ, ಈಗ ನಾನೇ ಅಮ್ಮನಿಗೆ ಹೇಳಿದೆ, ತಪ್ಪು ನನ್ನದು ಅಂದೆ. ಕ್ಷಮಿಸು ಎಂಬ ಮಾತನ್ನೂ ಹೇಳಿದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ ಖಚಿತವಿಲ್ಲ. ಅವಳು ಅಮ್ಮನಿಗೆ ಕೊಡಿ ಅಂದಳು.

ಜಯಮ್ಮ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು, ಎದ್ದು ಕಾಂಪೌಂಡ್ ಗೋಡೆಯ ಆ ಕಡೆಗೆ ಹೋದರು. ಹೋಗುವಾಗ ನನಗೆ ಇರಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಗೋಡೆಗೆ ಮುಖ ಮಾಡಿ ನಿಂತಿದ್ದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಬಾಣಾವರದ ಬಸ್ಸು ಬಂದು ನಿಂತಿತು, ಕಂಡಕ್ಟರ್ ನನ್ನ ಕಡೆ ನೋಡಿದ, ಬಸ್ಸು ಹೊರಟಿತು. ಬುಟ್ಟಿಯ ಹತ್ತಿರ ಯಾರಾದರೂ ಇರಬೇಕಿತ್ತು. ನಾನು ಇದ್ದೆ.